ಮುದ್ರೆ ಬಿದ್ದ ಬೆಳ್ಳಿ ನಾಣ್ಯಗಳು ಮತ್ತು ಕಳ್ಳ ನಾಣ್ಯಗಳು: ನಮ್ಮ ಸೀಮೆಯ ಒಂದು ಇತಿಹಾಸ



ನಮ್ಮ ಬೆಳುಗುಪ್ಪ, ಕಲ್ಯಾಣದುರ್ಗ, ರಾಯದುರ್ಗದ ಸೀಮೆಯಲ್ಲಿ ಮುಡಿಪು ಕಟ್ಟುವ ಪದ್ಧತಿ ಅನಾದಿಯಿಂದ ನಡೆದುಬಂದಿದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಮಳೆ ಕೈಕೊಟ್ಟರೆ, ಮಗಳಿಗೆ ವರ ಕೂಡಿಬರದಿದ್ದರೆ ಒಂದು ನಾಣ್ಯವನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಡುತ್ತೇವೆ. ಹರಕೆ ತೀರಿದ ಮೇಲೆ ಅದು ಸ್ವಾಮಿಯ ಹುಂಡಿ ಸೇರುತ್ತದೆ. ಕೆಲವು ಮುಡಿಪುಗಳು ಎರಡು ಮೂರು ತಲೆಮಾರು ಗೂಡಿನಲ್ಲಿಯೇ ಉಳಿದುಬಿಡುವುದೂ ಉಂಟು. ಆದ್ದರಿಂದಲೇ ಹಳೆಯ ಬೆಳ್ಳಿ ರೂಪಾಯಿಗಳು ಇಂದಿಗೂ ನಮ್ಮ ಮನೆಗಳಲ್ಲಿ, ಕಾಸಿನ ಸರಗಳಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಕಣ್ಣಿಗೆ ಬೀಳುತ್ತವೆ.

ಇಂತಹ ನಾಣ್ಯವೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಮೈಮೇಲೆ ಸಣ್ಣ ಸಣ್ಣ ಗುರುತುಗಳು ಕಾಣಬಹುದು. ಒಂದು ಚುಕ್ಕೆ, ಒಂದು ಹೂವು, ಒಂದು ಅಕ್ಷರ, ಇಲ್ಲವೆ ಉಳಿಯಿಂದ ಹೊಡೆದ ಗೀಟು. ಬಹಳ ಜನ ಇದನ್ನು ನಾಣ್ಯದ ದೋಷವೆಂದು ತಿಳಿದು ಅಕ್ಕಸಾಲಿಗೆ ತೂಕಕ್ಕೆ ಹಾಕಿಬಿಡುತ್ತಾರೆ. ವಾಸ್ತವವಾಗಿ ಅದು ದೋಷವಲ್ಲ. ಅದು ಆ ನಾಣ್ಯದ ಜಾತಕ. ಯಾರ ಕೈಯಲ್ಲಿ ಅದು ಪರೀಕ್ಷೆಗೆ ನಿಂತಿತು, ಯಾವ ಕಾಲದ ಜನ ಅದನ್ನು ನಂಬಲು ಹೆದರಿದರು ಎಂಬುದನ್ನು ಆ ಗುರುತೇ ಹೇಳುತ್ತದೆ. ಆ ಕಥೆಯನ್ನು ಭಕ್ತಾದಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೂರು ಬಗೆಯ ಗುರುತುಗಳು

ಹಳೆಯ ಬೆಳ್ಳಿ ನಾಣ್ಯಗಳ ಮೇಲೆ ಟಂಕಸಾಲೆಯ ಅಚ್ಚಲ್ಲದೆ ಬೇರೆ ಗುರುತುಗಳು ಬೀಳುವುದು ಮೂರು ವಿಧದಲ್ಲಿ.

ಮೊದಲನೆಯದು ಸರಾಫರ ಗುರುತು. ಸರಾಫನನ್ನು ನಮ್ಮ ಹಳೆಯ ಕನ್ನಡದಲ್ಲಿ ಚಿನಿವಾರ ಎನ್ನುತ್ತಿದ್ದರು. ಅವನು ನಾಣ್ಯವನ್ನು ಕೈಗೆತ್ತಿಕೊಂಡು, ಒಳಗೂ ಬೆಳ್ಳಿಯೇ ಇದೆಯೋ ಅಥವಾ ತಾಮ್ರಕ್ಕೆ ಬೆಳ್ಳಿಯ ಹೊದಿಕೆಯೋ ಎಂದು ತಿಳಿಯಲು ಸಣ್ಣ ಉಳಿಯಿಂದ ಒಂದು ಏಟು ಹಾಕುತ್ತಿದ್ದ. ಪರೀಕ್ಷೆಯಲ್ಲಿ ಗೆದ್ದ ನಾಣ್ಯಕ್ಕೆ ತನ್ನದೇ ಗುರುತು ಒತ್ತುತ್ತಿದ್ದ. ಮುಂದೆ ಅದೇ ನಾಣ್ಯ ತಿರುಗಿ ಬಂದಾಗ ಮತ್ತೆ ಪರೀಕ್ಷಿಸುವ ತೊಂದರೆ ತಪ್ಪುತ್ತಿತ್ತು.

ಎರಡನೆಯದು ಸರ್ಕಾರದ ಮರುಮುದ್ರೆ. ಒಂದು ರಾಜ್ಯದ ನಾಣ್ಯ ಇನ್ನೊಂದು ರಾಜ್ಯಕ್ಕೆ ಹೋದಾಗ, ಅಲ್ಲಿನ ಆಡಳಿತ ಅದನ್ನು ಕರಗಿಸದೆ, ಮೇಲೆ ತನ್ನ ಸಣ್ಣ ಮುದ್ರೆಯನ್ನು ಒತ್ತಿ ತನ್ನ ನಾಡಿನಲ್ಲಿ ಚಲಾವಣೆಗೆ ಒಪ್ಪಿಕೊಳ್ಳುತ್ತಿತ್ತು.

ಮೂರನೆಯದು ಪೂರ್ಣ ಮೇಲಚ್ಚು. ಹಳೆಯ ನಾಣ್ಯವನ್ನೇ ಬಿಲ್ಲೆಯನ್ನಾಗಿ ಇಟ್ಟುಕೊಂಡು ಅದರ ಎರಡೂ ಮುಖಗಳ ಮೇಲೆ ಹೊಸ ಅಚ್ಚು ಹೊಡೆಯುವುದು. ಅಚ್ಚು ಸರಿಯಾಗಿ ಕೂರದಿದ್ದರೆ ಕೆಳಗಿನ ಹಳೆಯ ಅಕ್ಷರಗಳು ಇಣುಕುತ್ತವೆ.

ನಾಣ್ಯ ಸಂಗ್ರಾಹಕರಿಗೆ ಈ ಮೂರೂ ಬಗೆಯ ನಾಣ್ಯಗಳು ಬಹಳ ಪ್ರಿಯ. ಇವುಗಳ ಜೊತೆಗೆ ಆಯಾ ಕಾಲದಲ್ಲಿಯೇ ತಯಾರಾದ ಕಳ್ಳ ನಾಣ್ಯಗಳನ್ನೂ ಅವರು ಕೂಡಿಸುತ್ತಾರೆ. ಕಳ್ಳ ನಾಣ್ಯವೇಕೆ ಎಂದು ಕೇಳಬಹುದು. ಸರಾಫ ಯಾವುದಕ್ಕೆ ಹೆದರಿ ಉಳಿಯೇಟು ಹಾಕಿದನೋ ಆ ಮೋಸದ ಮಾಲು ಎದುರಿಗಿದ್ದರಲ್ಲವೇ ಅವನ ಗುರುತಿನ ಅರ್ಥ ಪೂರ್ಣವಾಗುವುದು?

ಪ್ರಾಚೀನರ ನಾಣ್ಯ ಪರೀಕ್ಷೆ

ನಾಣ್ಯ ಪರೀಕ್ಷೆ ನಮ್ಮ ದೇಶಕ್ಕೆ ಪರದೇಶದವರು ಕಲಿಸಿದ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಾದ ಲಕ್ಷಣಾಧ್ಯಕ್ಷನ ಜೊತೆಗೆ, ಚಲಾವಣೆಯ ನಾಣ್ಯವನ್ನು ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿಯ ಉಲ್ಲೇಖವಿದೆ. ಆ ಪ್ರಾಚೀನ ಕಾಲದ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳ ಮೇಲೂ ಇಂತಹ ಸಣ್ಣ ಪರೀಕ್ಷಾ ಗುರುತುಗಳು ಧಾರಾಳವಾಗಿ ಸಿಗುತ್ತವೆ.

ಯಾಜ್ಞವಲ್ಕ್ಯ ಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಖೊಟ್ಟಿ ನಾಣ್ಯ ಮಾಡುವವನಿಗೆ ಮಾತ್ರವಲ್ಲ, ಒಳ್ಳೆಯ ನಾಣ್ಯವನ್ನು ಖೊಟ್ಟಿಯೆಂದೂ ಖೊಟ್ಟಿಯನ್ನು ಒಳ್ಳೆಯದೆಂದೂ ಹೇಳುವ ಪರೀಕ್ಷಕನಿಗೂ ಅತ್ಯುನ್ನತ ದಂಡವನ್ನು ಅದು ವಿಧಿಸುತ್ತದೆ. ಈ ಸ್ಮೃತಿಗೆ ಜಗತ್ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ.ಶ. 1076-1126) ಇದ್ದವನು. ನಾಣ್ಯ ನೋಡುವವನ ಕಣ್ಣು ನಂಬಿಕೆಯ ಕಣ್ಣಾಗಿರಬೇಕು, ಅವನೇ ಸುಳ್ಳು ಹೇಳಿದರೆ ಬಡವನು ಯಾರಲ್ಲಿಗೆ ಹೋಗಬೇಕು ಎಂಬ ಚಿಂತೆ ಆ ಕಾಲಕ್ಕೇ ಇತ್ತೆಂಬುದು ಇದರಿಂದ ತಿಳಿದುಬರುತ್ತದೆ.

ಪುರಂದರದಾಸರ ಪೂರ್ವಾಶ್ರಮದ ಐತಿಹ್ಯ ಭಕ್ತರೆಲ್ಲರಿಗೂ ಗೊತ್ತು. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕರ ಅಂಗಡಿಗೆ ಮಗನ ಉಪನಯನಕ್ಕಾಗಿ ಬೇಡಲು ಬಂದ ಬಡ ಬ್ರಾಹ್ಮಣನನ್ನು ಅವರು ಬಹುಕಾಲ ಅಲೆಸಿ, ಕೊನೆಗೆ ಸವಕಲು ನಾಣ್ಯಗಳ ರಾಶಿಯನ್ನು ಮುಂದೆ ಸುರಿದು ಒಂದನ್ನು ಆರಿಸಿಕೋ ಎಂದರಂತೆ. ಬಂದವನು ಸಾಕ್ಷಾತ್ ವಿಠಲನೆಂಬುದು ಭಕ್ತರ ನಂಬಿಕೆ. ಇತಿಹಾಸದ ದೃಷ್ಟಿಯಿಂದಲೂ ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿಯೊಬ್ಬ ಸರಾಫನ ಅಂಗಡಿಯಲ್ಲೂ ಸಲ್ಲದ ನಾಣ್ಯಗಳ ಒಂದು ರಾಶಿ ಇರುತ್ತಿತ್ತು. ಆ ರಾಶಿ ಯಾರ ಪಾಲಿಗೆ ಬರುತ್ತಿತ್ತು? ಬೇಡಿ ಬಂದವರ ಪಾಲಿಗೆ.

ಕುಂಪಣಿ ಬಂದ ಕಾಲದಲ್ಲಿ ನಮ್ಮ ಸೀಮೆ

ಶ್ರೀರಂಗಪಟ್ಟಣದ ಯುದ್ಧಗಳ ಫಲವಾಗಿ 1792 ಮತ್ತು 1799ರಲ್ಲಿ ಟಿಪ್ಪು ಸುಲ್ತಾನನ ರಾಜ್ಯದಿಂದ ಹೈದರಾಬಾದಿನ ನಿಜಾಮನ ಪಾಲಿಗೆ ಬಂದ ಪ್ರಾಂತಗಳನ್ನು ನಿಜಾಮನು 1800ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಪ್ರಾಂತಗಳು ಹೀಗೆ ದತ್ತ ಮಂಡಲವೆನಿಸಿದವು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರ್ ಆಗಿದ್ದ. ನಮ್ಮ ಊರುಗಳು ಆಗ ಬಳ್ಳಾರಿ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ.

ಕುಂಪಣಿಯವರು ಬಂದಾಗ ಇಲ್ಲಿ ಒಂದೇ ಬಗೆಯ ಹಣವಿರಲಿಲ್ಲ. ಗುತ್ತಿಯ ಮುರಾರಿರಾವ್ ಘೋರ್ಪಡೆಯ ಕಾಲದ ವರಹ, ಇಕ್ಕೇರಿಯ ವರಹ, ಅದೇ ಮಾದರಿಯಲ್ಲಿ ಹೈದರ್ ಅಲಿ ಹೊಡೆಸಿದ ಬಹಾದ್ದುರಿ ವರಹ, ಟಿಪ್ಪುವಿನ ಇಮಾಮಿ ರೂಪಾಯಿ, ಕುಂಪಣಿಯ ನಕ್ಷತ್ರ ವರಹ, ಆರ್ಕಾಟು ರೂಪಾಯಿ ಹೀಗೆ ನಾನಾ ಬಗೆ. ಹೈದರನ ವರಹದ ಮೇಲೆ ಶಿವಪಾರ್ವತಿಯರ ಬಿಂಬವಿತ್ತೆಂಬುದು ಗಮನಾರ್ಹ. ಜನ ನಂಬಿದ ಬಿಂಬವನ್ನು ಬದಲಿಸಿದರೆ ನಾಣ್ಯ ನಡೆಯುವುದಿಲ್ಲವೆಂಬ ವ್ಯವಹಾರಜ್ಞಾನ ಅದರಲ್ಲಿತ್ತು. ಗುತ್ತಿಗೆ ಟಿಪ್ಪು ಇಟ್ಟಿದ್ದ ಹೆಸರು ಫೈಜ್ ಹಿಸಾರ್. ಆ ಹೆಸರನ್ನು ಹೊತ್ತ ಆನೆಯ ಚಿತ್ರದ ತಾಮ್ರದ ಕಾಸುಗಳು ಸಂಗ್ರಾಹಕರಿಗೆ ಚಿರಪರಿಚಿತ.

ಇಷ್ಟು ಬಗೆಯ ನಾಣ್ಯಗಳಿದ್ದರೆ ಲಾಭ ಯಾರಿಗೆ? ರೈತನು ಜೋಳ, ನವಣೆ, ಹತ್ತಿ ಮಾರಿ ಕೈಗೆ ಬಂದ ಹಣವನ್ನು ಪಡೆಯುತ್ತಿದ್ದ. ಕಂದಾಯವನ್ನಾದರೋ ಸರ್ಕಾರ ಒಪ್ಪುವ ನಾಣ್ಯದಲ್ಲೇ ಕಟ್ಟಬೇಕು. ನಡುವೆ ಕುಳಿತಿದ್ದವನು ಸರಾಫ. ಅವನು ನಾಣ್ಯದ ಸವಕಲು, ಊರು, ವರ್ಷ, ಗುರುತು ನೋಡಿ ವಟ್ಟ ಮುರಿದುಕೊಳ್ಳುತ್ತಿದ್ದ. ಉದಾಹರಣೆಗೆ ನೂರಕ್ಕೆ ಎರಡರಂತೆ ವಟ್ಟ ಹಿಡಿದರೆ, ಐವತ್ತು ರೂಪಾಯಿ ಕಂದಾಯವಿರುವ ರೈತ ಕಂದಾಯದ ಹೊರತಾಗಿ ಒಂದು ರೂಪಾಯಿಯನ್ನು ಬರಿಯ ವಿನಿಮಯಕ್ಕಾಗಿಯೇ ಕಳೆದುಕೊಂಡಂತೆ. ಕುಂಪಣಿಯ ಲೆಕ್ಕದಲ್ಲಿ ಒಂದು ನಕ್ಷತ್ರ ವರಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು. ಪೇಟೆಯ ಲೆಕ್ಕವಾದರೋ ಇದಕ್ಕೆ ಸರಿಯಾಗಿ ಕೂಡಿಬರುತ್ತಿರಲಿಲ್ಲ. ಓದು ಬರಹ ಬಾರದ ರೈತನಿಗೆ ಈ ಲೆಕ್ಕ ಹೇಗೆ ದಕ್ಕಬೇಕು?

ಬಂಗಾಳದಲ್ಲಿ ಇನ್ನೊಂದು ವಿಚಿತ್ರವಿತ್ತು. ಹೊಸ ವರ್ಷದ ರೂಪಾಯಿಗೆ ಪೂರ್ಣ ಬೆಲೆ, ಎರಡು ಮೂರು ವರ್ಷ ಹಳೆಯದಾದರೆ ಕಡಿಮೆ ಬೆಲೆ. ಇದನ್ನು ತಪ್ಪಿಸಲು ಕುಂಪಣಿಯವರು ನಾಣ್ಯದ ಮೇಲಿನ ವರ್ಷವನ್ನೇ ಬದಲಿಸದೆ ನಿಲ್ಲಿಸಿಬಿಟ್ಟರು. ಮದರಾಸಿನ ಆರ್ಕಾಟು ರೂಪಾಯಿಯಲ್ಲಿಯೂ ಹೀಗೆಯೇ ಆಯಿತು. ಮೊಗಲ್ ಬಾದಶಹ ಎರಡನೆಯ ಆಲಂಗೀರನ ಹೆಸರು, ಹಿಜರಿ 1172 ಎಂಬ ವರ್ಷ, ಆಳ್ವಿಕೆಯ 6ನೆಯ ವರ್ಷ ಎಂಬ ಬರಹ ಬಾದಶಹನು 1759ರಲ್ಲಿ ಸತ್ತ ಮೇಲೂ ದಶಕಗಟ್ಟಲೆ ಮುಂದುವರಿದವು. ಆದ್ದರಿಂದ ಇಂತಹ ರೂಪಾಯಿ ಸಿಕ್ಕಿದವರು ಹಿಜರಿ 1172 ಎಂದರೆ ಕ್ರಿ.ಶ. 1758-59 ಎಂದು ಲೆಕ್ಕ ಹಾಕಿ ಅಷ್ಟು ಹಳೆಯದೆಂದು ತೀರ್ಮಾನಿಸಬಾರದು. ಯಂತ್ರದಿಂದ ಹೊಡೆದ, ಗುಂಡನೆಯ ಅಂಚಿನ ಆರ್ಕಾಟು ರೂಪಾಯಿಗಳು 1807ರ ನಂತರದವು.

ಗೋಪುರವಿರುವ ಬೆಳ್ಳಿ ನಾಣ್ಯ

ದೇವಾಲಯದ ಭಕ್ತರಿಗೆ ವಿಶೇಷವಾಗಿ ಹಿತವೆನಿಸುವ ನಾಣ್ಯವೊಂದಿದೆ. ಮದರಾಸಿನ ಟಂಕಸಾಲೆಯಲ್ಲಿ 1807ರಿಂದ ಮೊದಲಾದ ಹೊಸ ಟಂಕನದಲ್ಲಿ ಬೆಳ್ಳಿಯ ಅರ್ಧ ವರಹ ಮತ್ತು ಕಾಲು ವರಹಗಳು ತಯಾರಾದವು. ಅರ್ಧ ವರಹದ ತೂಕ ಸುಮಾರು 21 ಗ್ರಾಂ. ಒಂದು ಮುಖದಲ್ಲಿ ನಕ್ಷತ್ರಗಳ ನಡುವೆ ದೇವಾಲಯದ ಗೋಪುರ, ಇನ್ನೊಂದು ಮುಖದಲ್ಲಿ ಚುಕ್ಕೆಗಳ ನಡುವೆ ವಿಷ್ಣುವಿನ ಬಿಂಬ. ಬರಹ ನಾಲ್ಕು ಭಾಷೆಗಳಲ್ಲಿ. ಗೋಪುರದ ಕಡೆ ಇಂಗ್ಲಿಷ್ ಮತ್ತು ಪಾರಸಿ, ದೇವರ ಕಡೆ ತಮಿಳು ಮತ್ತು ತೆಲುಗು. ಯೂರೋಪಿನವರು ವರಹವನ್ನು ಪಗೋಡ ಎಂದು ಕರೆಯುತ್ತಿದ್ದರು. ಆ ಮಾತಿಗೆ ದೇವಾಲಯವೆಂಬ ಅರ್ಥವೂ ಇದೆ. ಹೀಗೆ ಹೆಸರಿಗೂ ಚಿತ್ರಕ್ಕೂ ತಾಳೆ ಬಿದ್ದಂತಾಯಿತು.

ಈ ನಾಣ್ಯಕ್ಕೆ ಬೆಳ್ಳಿ ಎಲ್ಲಿಂದ ಬಂತು? ಇಲ್ಲಿಯೇ ಕಥೆಯ ಸ್ವಾರಸ್ಯವಿದೆ. ಅಮೆರಿಕ ಖಂಡದ ಮೆಕ್ಸಿಕೋ, ಪೊಟೋಸಿಯ ಗಣಿಗಳಲ್ಲಿ ತೆಗೆದ ಬೆಳ್ಳಿಯಿಂದ ಸ್ಪೇನ್ ದೇಶದ ಅರಸರು ಎಂಟು ರಿಯಾಲಿನ ದೊಡ್ಡ ನಾಣ್ಯ ಹೊಡೆಸುತ್ತಿದ್ದರು. ಇದೇ ಸ್ಪ್ಯಾನಿಷ್ ಡಾಲರ್. ತೂಕ ಸುಮಾರು 27 ಗ್ರಾಂ, ನೂರಕ್ಕೆ ಸುಮಾರು ತೊಂಬತ್ತು ಪಾಲು ಬೆಳ್ಳಿ. ಹಡಗುಗಳಲ್ಲಿ ಜಗತ್ತೆಲ್ಲ ಸುತ್ತುತ್ತಿದ್ದ ಈ ಡಾಲರುಗಳನ್ನು ಮದರಾಸಿನ ಟಂಕಸಾಲೆಯವರು ಅನೇಕ ವೇಳೆ ಕರಗಿಸದೆಯೇ, ತೂಕ ಹೊಂದಿಸಿ, ನೇರವಾಗಿ ಅದರ ಮೇಲೆ ಗೋಪುರದ ಅಚ್ಚು ಒತ್ತಿದರು. ಎರಡು ರೂಪಾಯಿಯ ನಾಣ್ಯಗಳಲ್ಲೂ ಹೀಗೆ ಮಾಡಿದ್ದುಂಟು. ಅದರಿಂದಾಗಿ ಕೆಲವು ಅರ್ಧ ವರಹಗಳಲ್ಲಿ ಗೋಪುರದ ಪಕ್ಕ, ವಿಷ್ಣುವಿನ ಬಿಂಬದ ಸುತ್ತ ಸ್ಪೇನಿನ ದೊರೆಯ ಹೆಸರಿನ ಅಕ್ಷರಗಳೋ ಮುಖದ ಗೆರೆಯೋ ಮಸುಕಾಗಿ ಕಾಣುತ್ತವೆ. ಸಂಗ್ರಾಹಕರು ಇಂತಹ ನಾಣ್ಯವನ್ನು ನುಣುಪಾದ ನಾಣ್ಯಕ್ಕಿಂತ ಹೆಚ್ಚಾಗಿ ಆದರಿಸುತ್ತಾರೆ.

ಅದೇ ಕಾಲದಲ್ಲಿ ಕುಂಪಣಿಯ ಸ್ವಂತ ದೇಶದಲ್ಲಿ ಏನಾಯಿತೆಂಬುದನ್ನೂ ನೋಡೋಣ. 1797ರಲ್ಲಿ ಫ್ರಾನ್ಸಿನೊಂದಿಗಿನ ಯುದ್ಧದ ಕಷ್ಟಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಇದೇ ಸ್ಪ್ಯಾನಿಷ್ ಡಾಲರಿನ ಮೇಲೆ ಮೂರನೆಯ ಜಾರ್ಜ್ ದೊರೆಯ ಪುಟ್ಟ ತಲೆಯ ಮುದ್ರೆಯನ್ನು ಒತ್ತಿ ಚಲಾವಣೆಗೆ ಬಿಟ್ಟಿತು. ಮುದ್ರೆ ತೀರ ಚಿಕ್ಕದು, ನಕಲು ಮಾಡಲು ಸುಲಭ. ಕಳ್ಳ ಮುದ್ರೆಗಳು ಹಬ್ಬಿದ್ದರಿಂದ ಅದೇ ವರ್ಷ ನಾಣ್ಯವನ್ನು ಹಿಂದಕ್ಕೆ ಪಡೆಯಬೇಕಾಯಿತು. 1804ರಲ್ಲಿ ಎಂಟು ಮೂಲೆಯ ದೊಡ್ಡ ಮುದ್ರೆ ಒತ್ತಿದರು. ಅದಕ್ಕೂ ನಕಲು ಬಂತು. ಕೊನೆಗೆ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೋಲ್ಟನ್ ಎಂಬುವನ ಯಂತ್ರಗಳಲ್ಲಿ ಡಾಲರಿನ ಇಡೀ ಮೈಗೆ ಮೇಲಚ್ಚು ಹಾಕಿಸಿದರು. ಸಣ್ಣ ಮುದ್ರೆಯಿಂದ ಪೂರ್ಣ ಮೇಲಚ್ಚಿನವರೆಗೆ ಅವರನ್ನು ನಡೆಸಿದ್ದು ಕಳ್ಳ ನಾಣ್ಯದ ಭಯವೇ.

ಅದೇ ಸೋಹೋದ ಟಂಕಸಾಲೆಯಲ್ಲಿ ನಮ್ಮ ಮದರಾಸು ಪ್ರಾಂತಕ್ಕೆ ಹತ್ತು ಕಾಸು, ಇಪ್ಪತ್ತು ಕಾಸುಗಳ ತಾಮ್ರದ ನಾಣ್ಯಗಳೂ ತಯಾರಾದವು. 1808ರ ವರ್ಷವಿರುವ ಇಂತಹ ನಾಣ್ಯಗಳನ್ನು ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲಿಯೇ ಮರಳ ದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಅದರಿಂದ ರಾಶಿ ರಾಶಿ ನಾಣ್ಯಗಳನ್ನು ಮೇಲೆತ್ತಿದರು. ನಮ್ಮ ಸೀಮೆಯ ಸಂತೆಗಳಲ್ಲಿ ಓಡಾಡಬೇಕಿದ್ದ ಕಾಸುಗಳು ಹೀಗೆ ಇನ್ನೂರು ವರ್ಷಗಳ ಸಮೀಪ ಸಮುದ್ರದ ತಳದಲ್ಲಿದ್ದವು.

ವರಹ ಹೋಗಿ ರೂಪಾಯಿ ಬಂದದ್ದು

1818ರಲ್ಲಿ ಮದರಾಸು ಪ್ರಾಂತದಲ್ಲಿ ವರಹದ ಲೆಕ್ಕ ನಿಂತು ರೂಪಾಯಿಯೇ ಪ್ರಮಾಣವಾಯಿತು. ನೂರು ನಕ್ಷತ್ರ ವರಹಕ್ಕೆ ಮುನ್ನೂರೈವತ್ತು ರೂಪಾಯಿ ಎಂದು ಗೊತ್ತುಪಡಿಸಿದರು. ವಿಜಯನಗರದ ಅರಸರ ಕಾಲದಿಂದ ದಕ್ಷಿಣದ ಬಾಯಲ್ಲಿ ನಿಂತಿದ್ದ ವರಹ ಹೀಗೆ ಕಡತದಿಂದ ಇಳಿಯಿತು. ಜನರ ಮಾತಿನಲ್ಲಿ ಮಾತ್ರ ಬಹುಕಾಲ ಉಳಿಯಿತು. ಪಕ್ಕದ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಬರೆಸಿ ತಾಮ್ರದ ನಾಣ್ಯ ಹೊಡೆಸುತ್ತಿದ್ದರು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು.

1835ರಲ್ಲಿ ಭಾರತದ ಎಲ್ಲ ಕುಂಪಣಿ ಪ್ರಾಂತಗಳಿಗೂ ಒಂದೇ ರೂಪಾಯಿ ಬಂತು. ತೂಕ 180 ಗ್ರೇನ್, ಎಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಾಲ್ಕನೆಯ ವಿಲಿಯಂ ದೊರೆಯ ಮುಖ ಅದರ ಮೇಲೆ. ಮುಂದೆ ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್‌ರ ಮುಖಗಳು ಬಂದರೂ ತೂಕವೂ ಬೆಳ್ಳಿಯೂ ಬದಲಾಗಲಿಲ್ಲ. ಊರಿಂದೂರಿಗೆ ವಟ್ಟ ಮುರಿಯುತ್ತಿದ್ದ ಸರಾಫನ ಆದಾಯಕ್ಕೆ ಇದರಿಂದ ದೊಡ್ಡ ಪೆಟ್ಟು ಬಿತ್ತು.

ಈ ರೂಪಾಯಿ ನಮ್ಮ ದೇಶದ ಗಡಿ ದಾಟಿಯೂ ನಡೆಯಿತು. ಅರೇಬಿಯಾದ ದಕ್ಷಿಣ ತೀರದ ಕುವಾಯ್ತಿ ಸುಲ್ತಾನರು ಹಿಜರಿ 1307ನೆಯ ವರ್ಷದ ಮುದ್ರೆಯನ್ನೂ, ಆಫ್ರಿಕದ ಮೊಜಾಂಬಿಕ್‌ನಲ್ಲಿ ಪೋರ್ಚುಗೀಸರು 1889ರ ಸುಮಾರಿಗೆ ಕಿರೀಟದ ಕೆಳಗೆ ಎರಡಕ್ಷರದ ಮುದ್ರೆಯನ್ನೂ ಭಾರತದ ರೂಪಾಯಿಗಳ ಮೇಲೆ ಒತ್ತಿ ತಮ್ಮಲ್ಲಿ ನಡೆಸಿಕೊಂಡರು. ಇಂತಹ ಮರುಮುದ್ರೆಯ ರೂಪಾಯಿಗೆ ಇಂದು ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಬೆಲೆ ಹೆಚ್ಚಾದುದರಿಂದಲೇ ಸಾಮಾನ್ಯ ರೂಪಾಯಿಯ ಮೇಲೆ ಕಳ್ಳ ಮುದ್ರೆ ಒತ್ತಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ನಾಣ್ಯ ನಿಜ, ಮುದ್ರೆ ಸುಳ್ಳು ಎಂಬ ಈ ಮೋಸವನ್ನು ಹಿಡಿಯುವುದು ಬಹಳ ಕಷ್ಟ.

ಕಳ್ಳ ನಾಣ್ಯದ ನಷ್ಟ ಯಾರ ತಲೆಗೆ?

ಹಿಂದಿನ ಕಳ್ಳ ನಾಣ್ಯಗಳಲ್ಲಿ ಮುಖ್ಯವಾಗಿ ಮೂರು ಬಗೆ. ಅಸಲಿ ನಾಣ್ಯವನ್ನು ಮಣ್ಣಿನ ಎರಕದಲ್ಲೊತ್ತಿ ಸೀಸ, ತವರ ಹೊಯ್ದು ತೆಗೆದದ್ದು ಒಂದು. ತಾಮ್ರದ ತಿರುಳಿಗೆ ಬೆಳ್ಳಿಯ ತಗಡು ಹೊದಿಸಿ ಅಚ್ಚು ಹೊಡೆದದ್ದು ಎರಡು. ಅಸಲಿ ನಾಣ್ಯದ ಅಂಚನ್ನು ಅರದಿಂದ ಉಜ್ಜಿ, ಇಲ್ಲವೆ ಮೈಯನ್ನು ಕೊರೆದು ಬೆಳ್ಳಿ ಕದ್ದದ್ದು ಮೂರು. ನಾಣ್ಯದ ಅಂಚಿಗೆ ಗೀರುಗಳನ್ನು ಕೊಡುವ ಪದ್ಧತಿ ಬಂದದ್ದೇ ಈ ಅಂಚುಗಳ್ಳರನ್ನು ತಡೆಯಲು.

ಕಂದಾಯ ಕಟ್ಟುವ ಖಜಾನೆಯಲ್ಲಿ ನಾಣ್ಯ ನೋಡಲು ಸರಾಫನೊಬ್ಬನಿರುತ್ತಿದ್ದ. 1906ರ ಭಾರತೀಯ ನಾಣ್ಯ ಕಾಯಿದೆಯು, ಖೊಟ್ಟಿ ನಾಣ್ಯ ಬಂದರೆ ಅದನ್ನು ಕತ್ತರಿಸಿಬಿಡುವ ಅಧಿಕಾರವನ್ನು ಅಧಿಕಾರ ಪಡೆದವರಿಗೆ ಕೊಟ್ಟಿತು. ಕತ್ತರಿಸಿದ ತುಂಡುಗಳನ್ನು ತಂದವನಿಗೇ ಹಿಂದಿರುಗಿಸಬಹುದಿತ್ತು, ನಷ್ಟ ತಂದವನದೇ. ಇಲ್ಲವೆ ಅದರಲ್ಲಿರುವ ಬೆಳ್ಳಿಯ ಬೆಲೆಯನ್ನಷ್ಟೇ ಕೊಡಬಹುದಿತ್ತು. ಅರ್ಧ ಕತ್ತರಿಸಿದ ಹಳೆಯ ರೂಪಾಯಿ ಎಲ್ಲಾದರೂ ಸಿಕ್ಕರೆ, ಅದು ಹೀಗೆ ಖಜಾನೆಯ ಕತ್ತರಿಗೆ ಸಿಕ್ಕಿದ್ದಿರಬಹುದೆಂದು ತಿಳಿಯಬೇಕು.

ಇಲ್ಲಿ ನಾವು ಒಂದು ಕ್ಷಣ ನಿಂತು ಆಲೋಚಿಸಬೇಕು. ಕಳ್ಳ ನಾಣ್ಯ ಮಾಡಿದವನು ತಪ್ಪಿಸಿಕೊಂಡ. ಅದನ್ನು ಮೊದಲು ದಾಟಿಸಿದವನೂ ಪಾರಾದ. ಪೇಟೆಯ ವರ್ತಕನ ಕಣ್ಣು ಚುರುಕು, ಅವನು ತೆಗೆದುಕೊಳ್ಳಲಿಲ್ಲ. ಕೈಯಿಂದ ಕೈಗೆ ಇಳಿಯುತ್ತ ಇಳಿಯುತ್ತ ಅದು ಬಂದು ನಿಲ್ಲುತ್ತಿದ್ದುದು ನಾಣ್ಯ ನೋಡಲು ಬಾರದ ಕೂಲಿಯವನ ಕೈಯಲ್ಲಿ, ಮೊಸರು ಮಾರುವ ಮುದುಕಿಯ ಸೆರಗಿನ ಗಂಟಿನಲ್ಲಿ. ಅವರ ಒಂದು ವಾರದ ದುಡಿಮೆ ಒಂದು ಕತ್ತರಿಯೇಟಿಗೆ ಎರಡು ತುಂಡಾಗುತ್ತಿತ್ತು. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಕಳ್ಳ ನಾಣ್ಯಕ್ಕೂ ಒಂದು ಸ್ಥಾನ ಸಲ್ಲಬೇಕಾದುದು ಈ ಕಾರಣಕ್ಕೆ. ಅಸಲಿ ರೂಪಾಯಿ ದೊರೆಯ ಹೆಸರು ಹೇಳುತ್ತದೆ. ಕಳ್ಳ ರೂಪಾಯಿ ಬಡವನ ಕಷ್ಟ ಹೇಳುತ್ತದೆ.

1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದಾಗ, ನಕಲು ತಡೆಯಲೆಂದು ಅಂಚಿನ ಗೀರುಗಳ ನಡುವೆ ವಿಶೇಷ ಭದ್ರತಾ ರೇಖೆಯನ್ನು ಸೇರಿಸಿದರು. ಮುಂದೆ ಬೆಳ್ಳಿಯೇ ಹೋಗಿ ನಿಕ್ಕಲ್ ರೂಪಾಯಿ ಬಂತು. 1957ರ ಏಪ್ರಿಲ್ 1ರಂದು ಆಣೆ ಕಾಸುಗಳೂ ಹೋಗಿ ನಯೇ ಪೈಸೆ ಬಂತು. ಆದರೂ ನಮ್ಮ ಬಾಯಲ್ಲಿ ಇಂದಿಗೂ ಪೂರ್ಣ ಸತ್ಯಕ್ಕೆ ಹದಿನಾರಾಣೆ ಸತ್ಯವೆಂದೇ ಹೆಸರು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ನಾಣ್ಯಕ್ಕೆ ಗಾಯ ಮಾಡದೆ ಪರೀಕ್ಷಿಸುವ ಉಪಾಯಗಳಿವೆ. ಮೊದಲು ತೂಕ ನೋಡಬೇಕು. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ಇರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. ಎರಡನೆಯದು ಅಂಚು. ಎರಕದ ನಾಣ್ಯವಾದರೆ ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಸಂದಿನ ಗೆರೆ ಕಾಣುತ್ತದೆ, ಮೈಮೇಲೆ ಸೂಜಿಮೊನೆಯಂತಹ ರಂಧ್ರಗಳಿರುತ್ತವೆ. ಮೂರನೆಯದು ನೀರಿನ ತೂಕ. ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿಯಲ್ಲಿ ನಾಣ್ಯವನ್ನು ದಾರಕ್ಕೆ ಕಟ್ಟಿ ತೂಗಿ, ಬಳಿಕ ನೀರಿನಲ್ಲಿ ಮುಳುಗಿಸಿ ತೂಗಬೇಕು. ಅಸಲಿ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಕಡಿಮೆ ತೂಗುತ್ತದೆ. 11.66ನ್ನು 1.13ರಿಂದ ಭಾಗಿಸಿದರೆ 10.3 ಬರುತ್ತದೆ. ಇದೇ ಆ ಬೆಳ್ಳಿಯ ಸಾಂದ್ರತೆ. ತಾಮ್ರದ ತಿರುಳಿದ್ದರೆ ಈ ಅಂಕ 9ರ ಕಡೆಗೆ ಇಳಿಯುತ್ತದೆ. ತವರವಿದ್ದರೆ ಇನ್ನೂ ಕೆಳಗೆ.

ಈ ಸರಳ ಲೆಕ್ಕ ಅಂದು ನಮ್ಮ ರೈತನಿಗೆ ಗೊತ್ತಿದ್ದರೆ ಎಷ್ಟೋ ಉಳಿಯೇಟುಗಳೂ ಎಷ್ಟೋ ಕಣ್ಣೀರೂ ತಪ್ಪುತ್ತಿದ್ದವು.

ಈಗಿನ ಕಾಲದ ಮೋಸಗಳು

ಕಳ್ಳ ನಾಣ್ಯದ ಕಾಲ ಮುಗಿಯಿತೆಂದು ಭಾವಿಸಬಾರದು. ಈಗ ಅದು ಭಕ್ತಿಯ ವೇಷ ಹಾಕಿಕೊಂಡು ಬರುತ್ತಿದೆ.

ಒಂದು ಮುಖದಲ್ಲಿ ಶ್ರೀರಾಮ ಪಟ್ಟಾಭಿಷೇಕವೋ ಆಂಜನೇಯನೋ, ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದು ಬರೆದಿರುವ ತಾಮ್ರ ಹಿತ್ತಾಳೆಯ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿ ಬಾಳುವ ನಾಣ್ಯವೆಂದು ಹೇಳಿ ಮಾರುವವರಿದ್ದಾರೆ. ಭಕ್ತಾದಿಗಳು ಸ್ಪಷ್ಟವಾಗಿ ತಿಳಿಯಬೇಕು. ಕುಂಪಣಿಯವರು ಇಂತಹ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಇವು ಬಹಳ ಈಚೆಗೆ ತಯಾರಾದ ಬಿಲ್ಲೆಗಳು. ದೇವರ ಚಿತ್ರವಿದೆಯೆಂದು ಪೂಜೆಗಿಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಹೊಲ ಅಡವಿಟ್ಟು ಕೊಳ್ಳುವ ವಸ್ತು ಅದಲ್ಲ. ಹಿಂದೆ ದೇವಾಲಯಗಳಲ್ಲಿ ಭಕ್ತರಿಗೆ ಸಿಗುತ್ತಿದ್ದ ರಾಮಟಂಕಗಳು ಬೇರೆ. ಅವು ಪೂಜೆಯ ಬಿಲ್ಲೆಗಳು, ಚಲಾವಣೆಯ ನಾಣ್ಯಗಳಲ್ಲ.

ಇದಕ್ಕಿಂತ ಘೋರವಾದುದು ಅಕ್ಕಿಯನ್ನು ಸೆಳೆಯುವ ನಾಣ್ಯ, ಚೊಂಬು ಎಂಬ ವಂಚನೆ. ರೈಸ್ ಪುಲ್ಲಿಂಗ್ ಎಂಬ ಹೆಸರಿನ ಈ ಮೋಸದಲ್ಲಿ ಆಂಧ್ರ, ಕರ್ನಾಟಕಗಳ ಎಷ್ಟೋ ಕುಟುಂಬಗಳು ಬೀದಿಗೆ ಬಂದಿವೆ. ಹಳೆಯ ತಾಮ್ರಕ್ಕೆ ಅಕ್ಕಿಯನ್ನು ಎಳೆಯುವ ಶಕ್ತಿಯಿಲ್ಲ. ಎಳೆಯುವಂತೆ ತೋರಿಸುವುದೆಲ್ಲ ಕೈಚಳಕ. ಅಂದು ಕಳ್ಳ ನಾಣ್ಯ ಬಡವನ ಒಂದು ರೂಪಾಯಿಯನ್ನು ನುಂಗುತ್ತಿತ್ತು. ಇಂದಿನದು ಮನೆಯನ್ನೇ ನುಂಗುತ್ತದೆ.

ನಮ್ಮ ಕರ್ತವ್ಯ

ಹಳೆಯ ನಾಣ್ಯಗಳನ್ನು ಕಾಪಾಡಲು ಹಣವಂತರಾಗಬೇಕಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬಾರದು. ಹಬ್ಬಕ್ಕೆ ತೊಳೆಯಬೇಕಾದರೆ ಬರಿಯ ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕಾಸಿನ ಸರಕ್ಕೆಂದು ಹೊಸದಾಗಿ ತೂತು ಕೊರೆಸಬಾರದು, ಬೆಸುಗೆ ಹಾಕಿಸಬಾರದು. ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು, ಅದು ಯಾರ ಮುಡಿಪು, ಯಾವ ಅಜ್ಜಿಯ ಸರದ್ದು ಎಂದು ಬರೆದಿಡಬೇಕು. ಆ ಒಂದು ಸಾಲಿನ ಬರಹವಿಲ್ಲದಿದ್ದರೆ ನಾಣ್ಯ ಮೂಕವಾಗುತ್ತದೆ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯಗಳ ಗಡಿಗೆ ಸಿಕ್ಕರೆ ಹಂಚಿಕೊಂಡು ಕರಗಿಸುವುದು ಅಪರಾಧ. 1878ರ ನಿಕ್ಷೇಪ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವ ನಿಕ್ಷೇಪ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯಗಳು ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯಾಗಿ ಪರದೇಶಕ್ಕೆ ಕಳಿಸುವಂತಿಲ್ಲ. ಹೆಚ್ಚು ತಿಳಿಯಬಯಸುವವರು ಚೆನ್ನೈನ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಬಹುದು. ಅಲ್ಲಿನ ಅಧೀಕ್ಷಕರಾಗಿದ್ದ ಎಡ್ಗರ್ ಥರ್ಸ್ಟನ್ 1890ರಲ್ಲಿಯೇ ಕುಂಪಣಿಯ ನಾಣ್ಯಗಳ ಇತಿಹಾಸವನ್ನೂ ಪಟ್ಟಿಯನ್ನೂ ಪ್ರಕಟಿಸಿದ್ದರು. ಕರ್ನಾಟಕದ ನಾಣ್ಯಗಳ ಬಗ್ಗೆ ಡಾ. ಎ.ವಿ. ನರಸಿಂಹಮೂರ್ತಿಯವರ ಗ್ರಂಥ ಆಧಾರಭೂತವಾದುದು.

ಕಡೆಯದಾಗಿ ಉತ್ಸವ ಸಮಿತಿಯವರಲ್ಲಿಯೂ ಊರಿನ ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಹುಂಡಿ ಎಣಿಕೆಯ ಕಾಲದಲ್ಲಿ ಚಲಾವಣೆಯಿಲ್ಲದ ಹಳೆಯ ನಾಣ್ಯಗಳು ಬಂದರೆ ಅವನ್ನು ಹಳೆ ಲೋಹದೊಡನೆ ಸೇರಿಸದೆ ಬೇರೆಯಾಗಿ ತೆಗೆದಿಡಬೇಕು. ಒಂದು ದಪ್ಪ ಪುಸ್ತಕದಲ್ಲಿ ತೂಕ, ಇಸವಿ, ಎರಡೂ ಮುಖದ ಚಿತ್ರ, ಮೈಮೇಲಿನ ಗುರುತು ಇವಿಷ್ಟನ್ನು ಬರೆದು, ಎಣಿಕೆಗೆ ಕುಳಿತವರ ರುಜು ಹಾಕಿಸಬೇಕು. ಖೊಟ್ಟಿ ನಾಣ್ಯ ಬಂದರೆ ಅದನ್ನೂ ಬರೆಯಬೇಕು. ಅದನ್ನು ಹಾಕಿದ ಭಕ್ತನಿಗೆ ಅದು ಖೊಟ್ಟಿಯೆಂದು ಗೊತ್ತಿರದೆ ಇರಬಹುದು. ಅವನ ಹರಕೆಯಂತೂ ಹದಿನಾರಾಣೆ ನಿಜವಾದುದು.

1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ನಡೆದುಕೊಂಡು ಬಂದಿರುವ ನಮ್ಮ ಸೀಮೆಯೂ ಒಂದು ರೀತಿಯಲ್ಲಿ ಮೇಲಚ್ಚು ಬಿದ್ದ ನಾಣ್ಯವೇ. ಅಚ್ಚುಗಳು ಎಷ್ಟು ಬಿದ್ದರೂ ಬೆಳ್ಳಿ ಬೆಳ್ಳಿಯೇ. ಆ ಬೆಳ್ಳಿಯನ್ನೂ ಅದರ ಮೇಲಿನ ಗುರುತುಗಳನ್ನೂ ಮುಂದಿನವರಿಗೆ ಜೋಪಾನವಾಗಿ ದಾಟಿಸುವ ಬುದ್ಧಿಯನ್ನು ಸ್ವಾಮಿಯು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.

ಶುಭಂ ಭೂಯಾತ್.